ಮೊದಲು ತೂಕ, ಆಮೇಲೆ ಗಾಳಿ: ನಮ್ಮ ಕ್ಯಾಂಪರ್ ಗಾಡಿಯ ಟೈರ್ ಲೆಕ್ಕ

ಹಾಸನದ ಯಾವ ಪಂಕ್ಚರ್ ಅಂಗಡಿಗೆ ಹೋದರೂ ಗಾಡಿ ಸರಿಯಾಗಿ ನಿಲ್ಲುವ ಮೊದಲೇ ಪ್ರಶ್ನೆ ಬರುತ್ತದೆ: "ಎಷ್ಟು ಪೌಂಡ್ ಹಾಕ್ಲಿ ಸಾರ್?" ಪೌಂಡ್ ಅಂದರೆ ಟೈರಿನ ಗಾಳಿಯ ಒತ್ತಡ (ಪಿಎಸ್‌ಐ). ಕಾರಿನವರು 32 ಅನ್ನುತ್ತಾರೆ. ಲಾರಿಯವರು ನೂರರ ಮೇಲೆ ಹೇಳುತ್ತಾರೆ. ಹಳೇ ಮಿನಿ ಬಸ್ಸಿನೊಳಗೆ ಮಂಚ, ಅಡುಗೆಕಟ್ಟೆ, ನೀರಿನ ಟ್ಯಾಂಕ್ ಕೂರಿಸಿ ಕ್ಯಾಂಪರ್ ಮಾಡಿಕೊಂಡ ನಮ್ಮಂಥವರು ಏನು ಹೇಳಬೇಕು? ನಾನು ಹೇಳುವುದು ಮುಂದೆ 80, ಹಿಂದೆ 85. ನಿಮ್ಮ ಗಾಡಿಗೆ ಈ ಅಂಕಿ ಹೊಂದಲಿಕ್ಕಿಲ್ಲ, ಕಾಪಿ ಹೊಡೆಯಬೇಡಿ. ಅವು ಹೇಗೆ ಬಂದವು ಅನ್ನೋದನ್ನು ಹೇಳುತ್ತೇನೆ.

ಟೈರ್ ಅಂಗಡಿಗೆ ಹೋಗುವ ಮೊದಲು ನಾನು ಗಾಡಿಯನ್ನೇ ತೂಗುವ ವೇ ಬ್ರಿಡ್ಜ್‌ಗೆ ಹೋದೆ. ಕಾಫಿ ಮೂಟೆ, ಆಲೂಗಡ್ಡೆ ಲೋಡ್ ತೂಗುವ ಊರು ನಮ್ಮದು, ವೇ ಬ್ರಿಡ್ಜ್‌ಗೆ ಬರವಿಲ್ಲ. ಖಾಲಿ ಗಾಡಿ ತೂಗಿದರೆ ಪ್ರಯೋಜನವಿಲ್ಲ. ಪ್ರವಾಸಕ್ಕೆ ಹೊರಟ ಹಾಗೇ ತುಂಬಿಸಿಕೊಂಡು ಹೋಗಬೇಕು. ಡೀಸೆಲ್ ಫುಲ್, ನೀರು ಫುಲ್, ಗ್ಯಾಸ್, ಬ್ಯಾಟರಿ, ಪಾತ್ರೆ, ಹಾಸಿಗೆ, ಮನೆಯವರೆಲ್ಲ ಒಳಗೆ. ನೀರು ಲೀಟರಿಗೆ ಒಂದು ಕೆಜಿ, ಹಾಗಾಗಿ 150 ಲೀಟರಿನ ಟ್ಯಾಂಕ್ ಅಂದರೆ ಎರಡು ಆಳಿನ ತೂಕಕ್ಕಿಂತ ಜಾಸ್ತಿ. 14.2 ಕೆಜಿ ಗ್ಯಾಸ್ ಇರುವ ಸಿಲಿಂಡರ್ ಕಬ್ಬಿಣ ಸೇರಿ 30 ಕೆಜಿ ಹತ್ತಿರ ಬರುತ್ತದೆ.

ಒಟ್ಟು ತೂಕದ ಚೀಟಿ ಕೊಟ್ಟು ವೇ ಬ್ರಿಡ್ಜ್‌ನವರು "ಆಯ್ತು ಹೋಗಿ" ಅನ್ನುತ್ತಾರೆ. ನಮಗೆ ಬೇಕಾದ್ದು ಅಷ್ಟೇ ಅಲ್ಲ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಮ್ಮೆ, ಹಿಂದಿನದು ಮಾತ್ರ ಹತ್ತಿಸಿ ಒಮ್ಮೆ ತೂಗಿಸಬೇಕು. ತಟ್ಟೆ ನೆಲದ ಮಟ್ಟಕ್ಕಿದ್ದರೆ ಗಾಡಿಯನ್ನು ಪಕ್ಕಕ್ಕೆ ಸರಿಸಿ ಎಡಗಡೆ ಚಕ್ರಗಳನ್ನು ಮಾತ್ರ, ಮುಂದಿನದು ಒಮ್ಮೆ ಹಿಂದಿನದು ಒಮ್ಮೆ, ಅದರ ಮೇಲಿಟ್ಟು ಮತ್ತೆ ತೂಗಬಹುದು. ಹಿಂದೆ ಮೂಟೆ ಲಾರಿಗಳು ಕ್ಯೂ ನಿಂತಿರುತ್ತವೆ, ಬೈಗುಳ ಬೀಳುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಹೋದರೆ ಪುಣ್ಯ.

ನನ್ನದು ಒಟ್ಟು 5,800 ಕೆಜಿ ಬಂತು. ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಯೊಳಗೇ ಇತ್ತು. ಇದನ್ನು ದಾಟಿದ್ದರೆ ಟೈರ್ ಬದಲಿಸಿ ಉಪಯೋಗವಿಲ್ಲ, ಸಾಮಾನು ಇಳಿಸಬೇಕು. ಮುಂದೆ 2,060, ಹಿಂದೆ 3,740. ಬಿಡಿಸಿ ನೋಡಿದರೆ ಮುಂದೆ ಎಡಕ್ಕೆ 1,080, ಬಲಕ್ಕೆ 980. ಹಿಂದೆ ಎಡಕ್ಕೆ 1,980, ಬಲಕ್ಕೆ 1,760. ನೀರಿನ ಟ್ಯಾಂಕೂ ಅಡುಗೆಕಟ್ಟೆಯೂ ಎಡಗಡೆ ಇವೆಯಲ್ಲ, ಅದರ ಫಲ. ಗಾಳಿಯ ಲೆಕ್ಕಕ್ಕೆ ಭಾರ ಇರುವ ಕಡೆಯ ಅಂಕಿ ಹಿಡಿಯಬೇಕು, ಆ ಆಕ್ಸಲ್‌ನ ಎರಡೂ ಕಡೆಗೆ ಒಂದೇ ಗಾಳಿ ಹಾಕಬೇಕು. ಎಡಕ್ಕೊಂದು ಬಲಕ್ಕೊಂದು ಹಾಕಬಾರದು.

ಈಗ ಟೈರ್. ಮುಂದೆ ಒಂದೊಂದು ಕಡೆ ಒಂದು, ಹಿಂದೆ ಒಂದೊಂದು ಕಡೆ ಎರಡೆರಡು ಟೈರ್. ಅಳತೆ 7.50 ಆರ್ 16, ಗಟ್ಟಿತನ 14 ಪ್ಲೈ. ಟೈರಿನ ಗೋಡೆಯ ಮೇಲೆ, ಅಂದರೆ ಪಕ್ಕದ ಭಾಗದಲ್ಲಿ, 122/118 ಎಲ್ ಅಂತ ಬರೆದಿದೆ. 122 ಅಂದರೆ ಒಂಟಿಯಾಗಿ ಹಾಕಿದಾಗ ಆ ಟೈರ್ 1,500 ಕೆಜಿ ಹೊರುತ್ತದೆ. 118 ಅಂದರೆ ಜೋಡಿಯಾಗಿ ಹಾಕಿದಾಗ ಒಂದೊಂದೂ 1,320 ಕೆಜಿ. ಎಲ್ ಅಂದರೆ ಗಂಟೆಗೆ 120 ಕಿಲೋಮೀಟರ್ ವೇಗದ ಮಿತಿ. ಅಷ್ಟು ಭಾರ ಹೊರಬೇಕಾದರೆ 112 ಪೌಂಡ್, ಅಂದರೆ 770 ಕಿಲೋಪ್ಯಾಸ್ಕಲ್ ಗಾಳಿ ಬೇಕು. ಅದು ಪೂರ್ತಿ ಲೋಡಿನ ಲೆಕ್ಕ. ನನ್ನ ಗಾಡಿಯಲ್ಲಿ ಮುಂದಿನ ಟೈರಿಗೆ ಬೀಳುವುದು 1,080, ಹಿಂದಿನ ಜೋಡಿಯಲ್ಲಿ ಒಂದೊಂದಕ್ಕೆ 990. ಹಾಗಿದ್ದ ಮೇಲೆ 112 ಯಾಕೆ? ಸುಮ್ನೆ ಕಲ್ಲಿನ ಹಾಗೆ ಗಟ್ಟಿಯಾಗಿ ಕುಣಿಯುತ್ತದೆ, ಟೈರಿನ ನಡುಭಾಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಮ್ಮಿ. ಡಬ್ಬಿಯೊಳಗಿನ ಬೇಳೆ ಪೂರಾ ಚೆಲ್ಲುತ್ತದೆ, ಅದು ಬೇರೆ.

ಟೈರ್ ಕಂಪನಿಗಳು ಎಷ್ಟು ಭಾರಕ್ಕೆ ಎಷ್ಟು ಗಾಳಿ ಅಂತ ಪಟ್ಟಿ ಕೊಡುತ್ತವೆ. ಡೀಲರ್ ಹತ್ತಿರ ಕೇಳಿ ಪಡೆಯಬೇಕು. ಪಟ್ಟಿ ನೋಡಿದರೆ ಮುಂದೆ 75ರ ಆಸುಪಾಸು, ಹಿಂದೆ 80ಕ್ಕೆ ಸ್ವಲ್ಪ ಕಮ್ಮಿ ಸಾಕಿತ್ತು. ಅದರ ಮೇಲೆ ಐದಾರು ಪೌಂಡ್ ಜಾಸ್ತಿ ಇಟ್ಟುಕೊಂಡೆ. ಹಾಗೆ ಬಂದದ್ದು 80 ಮತ್ತು 85. ಪಟ್ಟಿಗಿಂತ ಕೆಳಗೆ ಮಾತ್ರ ಯಾವತ್ತೂ ಹೋಗುವುದಿಲ್ಲ. ಗಾಳಿ ಕಮ್ಮಿಯಾದರೆ ಟೈರಿನ ಗೋಡೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಬಿಸಿಯೇರುತ್ತದೆ. ಸಿಡಿಯುವ ಟೈರ್‌ಗಳಲ್ಲಿ ಬಹುಪಾಲು ಗಾಳಿ ಕಮ್ಮಿಯಿದ್ದವೇ.

ಈ ಅಂಕಿಗಳೆಲ್ಲ ತಣ್ಣಗಿರುವ ಟೈರಿಗೆ. ಕನಿಷ್ಠ ಮೂರು ಗಂಟೆ ನಿಂತ ಗಾಡಿ, ಬೆಳಗ್ಗೆ ಬಿಸಿಲು ಬೀಳುವ ಮೊದಲು. ಅದಕ್ಕೆ ನನ್ನದೇ ಗೇಜ್ ಇಟ್ಟುಕೊಂಡಿದ್ದೇನೆ, ಅಂಗಡಿ ಗೇಜ್ ನಂಬುವುದಿಲ್ಲ. ಶಿರಾಡಿ ಇಳಿದು ಮಂಗಳೂರು ಕಡೆ ಹೋದಾಗ ಗೇಜಿನಲ್ಲಿ 95 ಕಂಡರೆ ಅದು ಸಹಜ. ಆಗ ಗಾಳಿ ಬಿಡಿಸಬಾರದು. ಬಿಡಿಸಿದರೆ ವಾಪಸ್ ಬಂದು ಚಿಕ್ಕಮಗಳೂರಿನ ಚಳಿಯಲ್ಲಿ ನಿಲ್ಲಿಸಿದ ರಾತ್ರಿ ಟೈರ್ ಕಮ್ಮಿ ಗಾಳಿಯಲ್ಲಿ ಕೂತಿರುತ್ತದೆ. ಹವೆ ಹತ್ತು ಡಿಗ್ರಿ ತಣ್ಣಗಾದರೆ ಈ ಒತ್ತಡದ ಟೈರಿನಲ್ಲಿ ಮೂರು ಪೌಂಡ್ ಇಳಿಯುತ್ತದೆ. ಎತ್ತರದಿಂದಾಗುವ ವ್ಯತ್ಯಾಸ ಚಿಕ್ಕದು: ಸಾವಿರ ಅಡಿಗೆ ಅರ್ಧ ಪೌಂಡ್ ಲೆಕ್ಕ. ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಘಾಟಿ ಇಳಿಯುವಾಗ ಬ್ರೇಕ್ ಮೇಲೇ ಕೂತರೆ ಡ್ರಮ್ಮಿನ ಬಿಸಿ ರಿಮ್ಮಿಗೆ, ಅಲ್ಲಿಂದ ಟ್ಯೂಬಿಗೆ ಹೋಗುತ್ತದೆ. ಲೋ ಗೇರಿನಲ್ಲಿ ಇಳಿಯಿರಿ.

ನೈಟ್ರೋಜನ್ ಹಾಕಿಸಿ ಅಂತ ಬಹಳ ಜನ ಹೇಳಿದರು. ಸಾಮಾನ್ಯ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ ಅಲ್ವಾ? ದುಡ್ಡು ಉಳಿಸಿ ಒಳ್ಳೆ ಗೇಜ್ ತಗೊಳ್ಳಿ.

ಹಿಂದಿನ ಜೋಡಿ ಚಕ್ರ ಬೇರೆಯೇ ತಲೆನೋವು. ಒಳಗಿನ ಟೈರಿಗೆ ಗಾಳಿ ತುಂಬುವ ವಾಲ್‌ಗೆ ಕೈ ಹೋಗುವುದಿಲ್ಲ, ಹಾಗಾಗಿ ಅಂಗಡಿ ಹುಡುಗರು ಅದನ್ನು ಬಿಟ್ಟೇಬಿಡುತ್ತಾರೆ. ಕ್ಲೀನರ್‌ಗಳು ಕಂಬಿಯಲ್ಲಿ ತಟ್ಟಿ ಶಬ್ದ ಕೇಳುತ್ತಾರೆ. ಪೂರ್ತಿ ಕೂತ ಟೈರ್ ಅದರಿಂದ ಗೊತ್ತಾಗುತ್ತದೆ, ಇಪ್ಪತ್ತು ಪೌಂಡ್ ಕಮ್ಮಿಯಾದದ್ದು ಗೊತ್ತಾಗುವುದಿಲ್ಲ. ಒಳಗಿನದು ಸೋತರೆ ಅದರ ಭಾರವೂ ಹೊರಗಿನದರ ತಲೆಗೆ, ಕೊನೆಗೆ ಎರಡೂ ಹೋಗುತ್ತವೆ. ನಾನು ಕಬ್ಬಿಣದ ವಾಲ್ ಎಕ್ಸ್‌ಟೆನ್ಷನ್ ಹಾಕಿಸಿದೆ. ಎರಡು ಕಡೆ ಬಾಯಿರುವ ಉದ್ದ ಕೋಲಿನ ಗೇಜ್ ತಗೊಂಡೆ. ಜೋಡಿಯಲ್ಲಿ ಒಂದು ಹೊಸದು ಒಂದು ಹಳೆಯದು ಹಾಕಬಾರದು, ಎತ್ತರ ಬೇರೆಯಾದರೆ ದೊಡ್ಡದೇ ಎಲ್ಲ ಹೊರುತ್ತದೆ. ಆಲ್ದೂರು, ಮೂಡಿಗೆರೆ ಕಡೆ ಎಸ್ಟೇಟ್ ದಾರಿಯಲ್ಲಿ ಹೋಗಿಬಂದ ಮೇಲೆ ಎರಡರ ನಡುವೆ ಜಲ್ಲಿ ಸಿಕ್ಕಿದೆಯೇ ಅಂತ ಬಗ್ಗಿ ನೋಡಿ.

ಟೈರ್ ಕೊಳ್ಳುವಾಗ ನಾನು ಮೊದಲು ನೋಡಿದ್ದು ಹುಟ್ಟಿದ ದಿನಾಂಕ. ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2324 ಅಂದರೆ 2024ರ 23ನೇ ವಾರ. ಕ್ಯಾಂಪರ್ ಗಾಡಿ ಓಡುವುದು ಕಮ್ಮಿ, ನಿಲ್ಲುವುದು ಜಾಸ್ತಿ. ಹೀಗಾಗಿ ರಸ್ತೆಗೆ ತಾಗುವ ಪಟ್ಟಿ (ಟ್ರೆಡ್) ಸವೆಯುವ ಮೊದಲೇ ರಬ್ಬರ್ ಮುದಿಯಾಗುತ್ತದೆ. ಐದು ವರ್ಷ ದಾಟಿದ ಮೇಲೆ ನಾನು ಪ್ರತಿ ವರ್ಷ ಬಿಚ್ಚಿಸಿ ತೋರಿಸುತ್ತೇನೆ, ಏಳರ ಹೊತ್ತಿಗೆ ಬದಲಿಸುತ್ತೇನೆ, ನೋಡಲು ಎಷ್ಟೇ ಚೆನ್ನಾಗಿದ್ದರೂ ಸರಿ. ಟ್ರೆಡ್ಡಿನ ಗೆರೆಗಳ ಆಳ 1.6 ಮಿಲಿಮೀಟರ್‌ವರೆಗೆ ಕಾನೂನು ಒಪ್ಪುತ್ತದೆ. ಮಲೆನಾಡಿನ ಜುಲೈ ಮಳೆ ಒಪ್ಪುವುದಿಲ್ಲ, 3ಕ್ಕೆ ಬಂದರೆ ಬದಲಿಸಿಬಿಡಿ. ಮುಂದಿನ ಚಕ್ರಕ್ಕೆ ರೀಸೋಲ್ ಟೈರ್, ಅಂದರೆ ಹಳೇ ಟೈರಿಗೆ ಹೊಸ ಪಟ್ಟಿ ಅಂಟಿಸಿದ್ದು, ಬೇಡವೇ ಬೇಡ. ಒಂದೇ ಆಕ್ಸಲ್‌ಗೆ ಹಳೇ ಬಗೆಯ ನೈಲಾನ್ ಟೈರ್ ಮತ್ತು ರೇಡಿಯಲ್ (ಅಳತೆಯಲ್ಲಿ ಆರ್ ಅಂತ ಇರುವುದು) ಬೆರೆಸುವುದೂ ಬೇಡ. ರೇಡಿಯಲ್ ಹಾಕಿದರೆ ಟ್ಯೂಬೂ ರೇಡಿಯಲ್‌ಗೆ ಅಂತಲೇ ಮಾಡಿದ್ದು ಇರಲಿ, ಟ್ಯೂಬ್ ಮತ್ತು ರಿಮ್ಮಿನ ನಡುವಿನ ರಬ್ಬರ್ ಪಟ್ಟಿ (ಫ್ಲಾಪ್) ಹೊಸದು ಇರಲಿ. ಚಕ್ರ ಬಿಚ್ಚಿ ಹಾಕಿದ ಮೇಲೆ ನೂರು ಕಿಲೋಮೀಟರಿನೊಳಗೆ ನಟ್ಟು ಮತ್ತೊಮ್ಮೆ ಬಿಗಿಸಿ.

ಮಳೆಗಾಲದಲ್ಲಿ ಗಾಡಿ ಹೆಚ್ಚಾಗಿ ಶೆಡ್ಡಿನಲ್ಲೇ ಇರುತ್ತದೆ. ಚಕ್ರದಡಿ ಹಲಗೆ, ಬಿಸಿಲು ಬೀಳುವ ಕಡೆ ಗೋಣಿಚೀಲದ ಪರದೆ, ತಿಂಗಳಿಗೊಮ್ಮೆ ಸ್ವಲ್ಪ ಮುಂದೆ ಹಿಂದೆ ಮಾಡುವುದು. ಸ್ಟೆಪ್ನಿಯನ್ನೂ ಗೇಜಿಗೆ ಹಿಡಿಯುತ್ತೇನೆ. ಅದರಲ್ಲಿ 90 ಇಟ್ಟಿರುತ್ತೇನೆ. ಮುಂದೆ ಹಾಕಬೇಕಾಗಿ ಬಂದರೆ ಹತ್ತು ಪೌಂಡ್ ಬಿಟ್ಟರಾಯಿತು. ಚಾರ್ಮಾಡಿ ತಿರುವಿನಲ್ಲಿ ಗಾಳಿ ಹೊಡೆಸಲು ಅಂಗಡಿ ಸಿಗುವುದಿಲ್ಲ, ಕಾರಿನ 12 ವೋಲ್ಟ್ ಪಂಪು 80 ಮುಟ್ಟುವಷ್ಟರಲ್ಲಿ ಕಾದು ನಿಂತುಹೋಗುತ್ತದೆ.