ನೀಲಿ ಬಿಲ್ಲೆಯ ಲೆಕ್ಕ: ಸರ್ಜ್ ಪ್ರೊಟೆಕ್ಟರ್ ಕೊಳ್ಳುವ ಮುಂಚೆ

ನನ್ನ ರಿಪೇರಿ ಮೇಜಿನ ಮೇಲೆ ಒಂದು ಗಾಜಿನ ಬಾಟಲಿ ಇದೆ. ಅದರ ತುಂಬ ಸುಟ್ಟ ನೀಲಿ ಬಿಲ್ಲೆಗಳು. ಟಿವಿ, ವೈಫೈ ರೌಟರ್, ಎಕ್ಸ್‌ಟೆನ್ಶನ್ ಬೋರ್ಡ್‌ಗಳಿಂದ ಬಿಚ್ಚಿ ತೆಗೆದವು. ಕೆಲವು ಎರಡಾಗಿ ಸೀಳಿವೆ, ಕೆಲವು ಇದ್ದಿಲಿನ ಹಾಗೆ ಕಪ್ಪಾಗಿವೆ. ರಿಪೇರಿಗೆ ಬಂದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ. ಸರ್ಜ್ ಅಂದರೆ ವೈರಿನಲ್ಲಿ ವೋಲ್ಟೇಜ್ ಕ್ಷಣಕಾಲ ದಿಢೀರನೆ ಏರುವುದು. ಅದನ್ನು ತಡೆಯಲು ಮನೆಯಲ್ಲಿ ಬಳಸುವ ಸರ್ಜ್ ಪ್ರೊಟೆಕ್ಟರ್ ಎಂದರೆ ಹೆಚ್ಚುಕಡಿಮೆ ಈ ಬಿಲ್ಲೆಯೇ. ಇದರ ಕೆಲಸ ಗೊತ್ತಾದರೆ ಡಬ್ಬದ ಮೇಲಿನ ಸಂಖ್ಯೆಗಳೂ ಅರ್ಥವಾಗುತ್ತವೆ.

ಬಿಲ್ಲೆಯ ಹೆಸರು ಎಂಒವಿ, ಅಂದರೆ ಮೆಟಲ್ ಆಕ್ಸೈಡ್ ವ್ಯಾರಿಸ್ಟರ್. ಒಳಗಿರುವುದು ಹೆಚ್ಚಾಗಿ ಸತುವಿನ ಆಕ್ಸೈಡ್‌ನ ಸಣ್ಣ ಹರಳುಗಳು. ಮಾಮೂಲಿ ವೋಲ್ಟೇಜ್ ಇದ್ದಾಗ ಅದು ಸುಮ್ನೆ ಇರುತ್ತದೆ, ಕರೆಂಟ್ ಬಿಡುವುದಿಲ್ಲ. ವೋಲ್ಟೇಜ್ ಒಂದು ಮಿತಿ ದಾಟಿದ ತಕ್ಷಣ ದಾರಿ ಬಿಡುತ್ತದೆ. ಆಗ ಹೆಚ್ಚಿನ ಕರೆಂಟ್ ಟಿವಿ ಕಡೆ ನುಗ್ಗದೆ ಬಿಲ್ಲೆಯ ಮೂಲಕ ನ್ಯೂಟ್ರಲ್‌ಗೋ ಅರ್ತ್‌ಗೋ ಹರಿದುಹೋಗುತ್ತದೆ. ಕೆರೆಯ ಏರಿ ಒಡೆಯುವ ಮೊದಲು ನೀರು ಕೋಡಿಯಲ್ಲಿ ಹರಿದುಹೋಗುತ್ತದೆ ಅಲ್ವಾ, ಹಾಗೆ. ಈ ಕೋಡಿಯನ್ನು ನೆನಪಿಟ್ಟುಕೊಳ್ಳಿ. ಕೊನೆಯವರೆಗೂ ಬೇಕಾಗುತ್ತದೆ.

ಸರ್ಜ್ ಬರುವುದು ಸಿಡಿಲಿನಿಂದ ಮಾತ್ರ ಅಲ್ಲ. ಪಂಪು, ಫ್ರಿಜ್ಜಿನ ಕಂಪ್ರೆಸರ್, ಲಿಫ್ಟಿನ ಮೋಟರ್ ನಿಂತಾಗಲೂ ವೈರಿನಲ್ಲಿ ಸಣ್ಣ ಸರ್ಜ್ ಏಳುತ್ತದೆ. ಹೋದ ಕರೆಂಟ್ ವಾಪಸ್ ಬಂದಾಗಲೂ ಏಳಬಹುದು. ಇವು ಕಣ್ಣಿಗೆ ಬೀಳುವುದಿಲ್ಲ. ಮೈಕ್ರೋಸೆಕೆಂಡುಗಳಲ್ಲಿ ಬಂದು ಹೋಗುತ್ತವೆ. ಅದಕ್ಕೇ ಫ್ಯೂಸ್, ಎಂಸಿಬಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವು ಕಡಿತವಾಗಲು ಮಿಲಿಸೆಕೆಂಡುಗಳು ಬೇಕು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ. ರಿಲೇ ಇರುವ ಸ್ಟೆಬಿಲೈಸರ್ ಇನ್ನೂ ನಿಧಾನ.

ಈಗ ಸಂಖ್ಯೆಗಳಿಗೆ ಬರೋಣ.

ಡಬ್ಬದ ಮೇಲೆ ಎಲ್ಲಕ್ಕಿಂತ ದಪ್ಪಗೆ ಅಚ್ಚಾಗಿರುವುದು ಜೂಲ್. ಜನ ಅದನ್ನೇ ನೋಡಿ ಕೊಳ್ಳುತ್ತಾರೆ. ಜೂಲ್ ಹೇಳುವುದು ಬಿಲ್ಲೆ ಎಷ್ಟು ಹೊಡೆತ ತಿಂದುಕೊಳ್ಳಬಲ್ಲದು ಎಂದು. ಕೋಡಿಯ ಗಾರೆ ಎಷ್ಟು ಪ್ರವಾಹ ತಡೆದೀತು ಎಂಬ ಲೆಕ್ಕ ಅದು. ಕೋಡಿ ಎಷ್ಟು ಎತ್ತರದಲ್ಲಿದೆ ಎಂದು ಅದು ಹೇಳುವುದಿಲ್ಲ. 2000 ಜೂಲ್‌ನ ಬೋರ್ಡು ಕೂಡ ನಿಮ್ಮ ಟಿವಿಗೆ ಜಾಸ್ತಿ ವೋಲ್ಟೇಜ್ ಬಿಡಬಹುದು. ಇನ್ನೊಂದು ವಿಷಯ. ಒಳ್ಳೆಯ ಬೋರ್ಡಿನಲ್ಲಿ ಬಿಲ್ಲೆಗಳು ಮೂರು ಕಡೆ ಇರುತ್ತವೆ: ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ತ್ ನಡುವೆ, ನ್ಯೂಟ್ರಲ್ ಮತ್ತು ಅರ್ತ್ ನಡುವೆ. ಮೂರನ್ನೂ ಕೂಡಿಸಿ 900 ಎಂದು ಬರೆದಿದ್ದರೆ ಒಂದೊಂದು ದಾರಿಗೆ ಸಿಗುವುದು 300 ಮಾತ್ರ ಆಗಿರಬಹುದು. ಹಾಗಾಗಿ ನಾನು ಜೂಲನ್ನು ಆಯಸ್ಸಿನ ಲೆಕ್ಕದಲ್ಲಷ್ಟೇ ನೋಡುತ್ತೇನೆ. ಟಿವಿ, ಕಂಪ್ಯೂಟರ್‌ಗೆ 1000ಕ್ಕಿಂತ ಕಡಿಮೆಯದನ್ನು ಹಾಕುವುದಿಲ್ಲ.

ನೀವು ಹುಡುಕಬೇಕಾದ ಸಂಖ್ಯೆ ಬೇರೆ. ಸರ್ಜ್ ಬಂದಾಗ ಪ್ರೊಟೆಕ್ಟರ್ ದಾಟಿ ಉಪಕರಣದ ಕಡೆ ಎಷ್ಟು ವೋಲ್ಟೇಜ್ ಉಳಿಯುತ್ತದೆ ಎಂಬುದು. ಇದೇ ಕೋಡಿಯ ಎತ್ತರ. 120 ವೋಲ್ಟ್ ಸಪ್ಲೈ ಇರುವ ದೇಶಗಳ ಬೋರ್ಡುಗಳಲ್ಲಿ ಇದನ್ನು ವಿಪಿಆರ್ ಎನ್ನುತ್ತಾರೆ. ಯುಎಲ್ 1449 ಎಂಬ ಮಾನದಂಡದ ಪ್ರಕಾರ 6000 ವೋಲ್ಟ್, 3000 ಆಂಪಿಯರ್‌ನ ಹೊಡೆತ ಕೊಟ್ಟು ಅಳೆಯುತ್ತಾರೆ. 330, 400, 500 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರೆದಿರುತ್ತಾರೆ. 330 ಒಳ್ಳೆಯದು. 230 ವೋಲ್ಟ್ ಇರುವ ಕಡೆ ಐಇಸಿ ಮಾನದಂಡ ನಡೆಯುತ್ತದೆ. ಅಲ್ಲಿ ಯು ಅಕ್ಷರದ ಕೆಳಗೆ ಪುಟ್ಟ ಪಿ ಇರುವ ಗುರುತು ಹುಡುಕಿ. ಅದನ್ನು ಕಿಲೋವೋಲ್ಟ್‌ನಲ್ಲಿ ಬರೆದಿರುತ್ತಾರೆ. 1.5 ಅಂದರೆ 1500 ವೋಲ್ಟ್.

ಅಷ್ಟೊಂದಾ ಎಂದು ಗಾಬರಿಯಾಗಬೇಡಿ. 230 ವೋಲ್ಟ್ ಎನ್ನುವುದು ಒಂದು ಬಗೆಯ ಸರಾಸರಿ. ಅಲೆಯ ತುದಿ ಮಾಮೂಲಿ ದಿನಗಳಲ್ಲೇ 325 ಮುಟ್ಟುತ್ತದೆ. 230 ವೋಲ್ಟಿನ ಮನೆ ಸಾಮಾನು ಕ್ಷಣಕಾಲ 2500 ವೋಲ್ಟ್ ತಡೆಯುವಂತಿರಬೇಕು, ತುಂಬ ಸೂಕ್ಷ್ಮವಾದದ್ದು 1500 ತಡೆಯಬೇಕು ಎಂಬ ಲೆಕ್ಕ ಮಾನದಂಡದಲ್ಲಿದೆ. ಆದ್ದರಿಂದ ಗೋಡೆಯ ಪಾಯಿಂಟಿನಲ್ಲಿ ಸಿಗಿಸುವ ಪ್ರೊಟೆಕ್ಟರ್‌ಗೆ 1.5 ಅಥವಾ ಅದಕ್ಕಿಂತ ಕಡಿಮೆ ಇರಲಿ. ಈ ಸಂಖ್ಯೆ ಎಲ್ಲೂ ಕಾಣದಿದ್ದರೆ ನಾನು ಆ ಡಬ್ಬವನ್ನು ವಾಪಸ್ ಇಟ್ಟುಬಿಡುತ್ತೇನೆ.

ಆಂಪಿಯರ್ ವಿಷಯದಲ್ಲಿ ತುಂಬ ಜನ ಗೊಂದಲಕ್ಕೆ ಬೀಳುತ್ತಾರೆ. ಬೋರ್ಡಿನ ಮೇಲೆ 6 ಎ, 10 ಎ, 16 ಎ ಎಂದಿದ್ದರೆ ಅದು ನೀವು ದಿನಾ ಹಾಕಬಹುದಾದ ಲೋಡು. ಕೆಎ ಎಂದಿದ್ದರೆ ಅದು ಸರ್ಜ್‌ನ ಸಾವಿರಗಟ್ಟಲೆ ಆಂಪಿಯರ್, ಕೋಡಿಯ ಅಗಲ. ಅದರಲ್ಲೂ ಒಂದೇ ಸಲ ತಡೆಯುವ ಗರಿಷ್ಠ ಬೇರೆ, ಮತ್ತೆ ಮತ್ತೆ ತಡೆಯುವ ನಾಮಿನಲ್ ಬೇರೆ. ಎರಡು ಡಬ್ಬ ಹೋಲಿಸುವಾಗ ನಾಮಿನಲ್ಲನ್ನು ನಾಮಿನಲ್ ಜೊತೆಗೇ ಹೋಲಿಸಿ. ನ್ಯಾನೋಸೆಕೆಂಡಿನ ವೇಗ ಎಂಬ ಸಾಲನ್ನು ಓದಿ ಮುಂದೆ ಹೋಗಿ. ಎಲ್ಲ ಎಂಒವಿಗಳೂ ಅಷ್ಟು ವೇಗವಾಗಿಯೇ ಇರುತ್ತವೆ.

ಬಿಲ್ಲೆಯ ಮೇಲೂ ಬರಹ ಇರುತ್ತದೆ. ನನ್ನ ಬಾಟಲಿಯಲ್ಲಿ ಜಾಸ್ತಿ ಇರುವುದು 14ಡಿ471ಕೆ. 14 ಅಂದರೆ ಬಿಲ್ಲೆಯ ಅಗಲ, ಮಿಲಿಮೀಟರ್‌ನಲ್ಲಿ. 471 ಅಂದರೆ 47ರ ಮುಂದೆ ಒಂದು ಸೊನ್ನೆ, 470 ವೋಲ್ಟ್. ಅಲ್ಲಿಂದ ಅದು ಕರೆಂಟ್ ಬಿಡಲು ಶುರು ಮಾಡುತ್ತದೆ. ಕೆ ಅಂದರೆ ಶೇಕಡಾ 10 ಆಚೀಚೆ. ಅಗಲ ಜಾಸ್ತಿ ಇದ್ದಷ್ಟೂ ಬಿಲ್ಲೆ ಹೆಚ್ಚು ಹೊಡೆತ ತಡೆಯುತ್ತದೆ. 20ರ ಬಿಲ್ಲೆ ಕಂಡರೆ ನನಗೆ ಸಮಾಧಾನ. ಎಷ್ಟೋ ಬೋರ್ಡುಗಳಲ್ಲಿ 7 ಮಿಲಿಮೀಟರಿನ ಒಂದೇ ಒಂದು ಬಿಲ್ಲೆ ಸಿಕ್ಕಿದೆ. ಬಿಲ್ಲೆಯೇ ಇಲ್ಲದವೂ ಸಿಕ್ಕಿವೆ. ಒಂದು ಫ್ಯೂಸು, ಒಂದು ಕೆಂಪು ದೀಪ, ಮೇಲೆ ಸ್ಪೈಕ್ ಗಾರ್ಡ್ ಎಂಬ ಹೆಸರು. ಅಂಥದ್ದು ಬರೀ ಎಕ್ಸ್‌ಟೆನ್ಶನ್ ಬೋರ್ಡ್.

ಇನ್ನು ಅರ್ತಿಂಗ್. ಮೂರನೇ ಪಿನ್ನಿಗೆ ಅರ್ತ್ ಬಂದಿಲ್ಲದಿದ್ದರೆ ಮೂರು ದಾರಿಗಳಲ್ಲಿ ಎರಡು ಮುಚ್ಚಿದ ಹಾಗೆ. ಕೋಡಿ ಇದ್ದರೂ ಮುಂದೆ ಕಾಲುವೆ ಇಲ್ಲ. ಪ್ರೊಟೆಕ್ಟರ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಪರೀಕ್ಷೆ ಮಾಡಿಸಿ. ಅವರು ಬಂದಾಗಲೇ ಮೇನ್ ಬೋರ್ಡಿಗೆ ಎಸ್‌ಪಿಡಿ (ಸರ್ಜ್ ಪ್ರೊಟೆಕ್ಟರಿಗೆ ಎಲೆಕ್ಟ್ರಿಷಿಯನ್‌ಗಳು ಹೇಳುವ ಹೆಸರು) ಹಾಕಿಸುವ ಬಗ್ಗೆಯೂ ಕೇಳಿ. ಅದರಲ್ಲಿ ಮೂರು ಬಗೆ. ಟೈಪ್ 1 ಸಿಡಿಲಿನ ನೇರ ಕರೆಂಟಿನ ಪಾಲನ್ನೂ ತಡೆಯುವಂಥದ್ದು, ಸಿಡಿಲು ಕಡ್ಡಿ ಇರುವ ಕಟ್ಟಡಗಳಿಗೆ. ಟೈಪ್ 2 ಸಾಮಾನ್ಯ ಮನೆಯ ಮೇನ್ ಬೋರ್ಡಿಗೆ. ಟೈಪ್ 3 ಟಿವಿಯ ಪಕ್ಕದ ಪಾಯಿಂಟಿಗೆ. ಮೇನ್ ಬೋರ್ಡಿನದು ದೊಡ್ಡ ಹೊಡೆತ ತಗ್ಗಿಸುತ್ತದೆ, ಪಾಯಿಂಟಿನದು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಹಾಕುವಾಗ ಒಂದು ಮಾತು ಗಟ್ಟಿಯಾಗಿ ಹೇಳಿ: ಎಸ್‌ಪಿಡಿಗೆ ಹೋಗುವ ವೈರು ಎಲ್ಲ ಸೇರಿ ಅರ್ಧ ಮೀಟರ್ ಮೀರಬಾರದು. ವೇಗವಾಗಿ ಏರುವ ಸರ್ಜ್‌ನಲ್ಲಿ ಒಂದು ಮೀಟರ್ ವೈರೇ ಸುಮಾರು 1000 ವೋಲ್ಟ್ ಸೇರಿಸಿಬಿಡಬಹುದು. ಚೆಂದ ಕಾಣಲಿ ಎಂದು ವೈರನ್ನು ಸುತ್ತಿ ಸುತ್ತಿ ಕಟ್ಟಿದರೆ ದುಡ್ಡು ಕೊಟ್ಟದ್ದು ವ್ಯರ್ಥ.

ಒಮ್ಮೆ ಒಬ್ಬರು ಟಿವಿ ತಂದರು. ಪ್ರೊಟೆಕ್ಟರ್ ಇತ್ತು, ಅದರ ಹಸಿರು ದೀಪ ಉರಿಯುತ್ತಲೇ ಇತ್ತು, ಆದರೂ ಟಿವಿ ಸತ್ತಿತ್ತು. ಬಿಚ್ಚಿ ನೋಡಿದರೆ ಪವರ್ ಬೋರ್ಡಿಗೆ ಏನೂ ಆಗಿರಲಿಲ್ಲ. ಸುಟ್ಟಿದ್ದು ಎಚ್‌ಡಿಎಂಐ ಭಾಗ. ಸಿಡಿಲಿನ ಹೊಡೆತ ಡಿಶ್ಶಿನ ಕೇಬಲ್‌ನಲ್ಲಿ ಇಳಿದು, ಸೆಟ್‌ಟಾಪ್ ಬಾಕ್ಸ್ ದಾಟಿ ಟಿವಿಗೆ ಬಂದಿತ್ತು. ಆ ಮನೆಯವರ ಮುಖ ನನಗೆ ಇನ್ನೂ ನೆನಪಿದೆ, ಅವರು ತಮ್ಮ ಕಡೆಯಿಂದ ಎಲ್ಲ ಸರಿಯಾಗಿಯೇ ಮಾಡಿದ್ದರು. ಕೇಬಲ್, ಫೋನ್ ಲೈನು, ಹೊರಗಿನಿಂದ ಬರುವ ಈಥರ್ನೆಟ್ ತಂತಿ, ಲೋಹದ್ದು ಯಾವುದಾದರೂ ಅದು ಸರ್ಜ್‌ಗೆ ಬಾಗಿಲು. ಅವನ್ನೂ ಪ್ರೊಟೆಕ್ಟರ್ ಮೂಲಕ ತನ್ನಿ, ಎಲ್ಲಕ್ಕೂ ಅರ್ತ್ ಒಂದೇ ಇರಲಿ. ಗಾಜಿನ ಫೈಬರ್ ಮಾತ್ರ ಕರೆಂಟ್ ಸಾಗಿಸುವುದಿಲ್ಲ.

ನನ್ನ ಬಾಟಲಿಯ ಕಪ್ಪಾದ ಬಿಲ್ಲೆಗಳ ಕತೆ ಬೇರೆ. ಅವನ್ನು ಸುಟ್ಟಿದ್ದು ಸರ್ಜ್ ಅಲ್ಲ, ನ್ಯೂಟ್ರಲ್ ಕಡಿತ. 230 ವೋಲ್ಟಿನ ಮೂರು ಫೇಸ್ ಸಪ್ಲೈನಲ್ಲಿ ನ್ಯೂಟ್ರಲ್ ತುಂಡಾದರೆ ಮನೆಯ ಪಾಯಿಂಟಿಗೆ 300, 350, ಕೆಲವೊಮ್ಮೆ 400ರ ಹತ್ತಿರ ವೋಲ್ಟೇಜ್ ಬರಬಹುದು. ಅದು ಮೈಕ್ರೋಸೆಕೆಂಡಿನಲ್ಲಿ ಹೋಗುವುದಿಲ್ಲ, ನಿಮಿಷಗಟ್ಟಲೆ ನಿಲ್ಲುತ್ತದೆ. ಕೋಡಿ ಒಂದು ಪ್ರವಾಹಕ್ಕೆ ಕಟ್ಟಿದ್ದು, ನಿಲ್ಲದೆ ಹರಿಯುವ ನದಿಗೆ ಅಲ್ಲ. ಬಿಲ್ಲೆ ಕಾದು ಕಾದು ಹೊತ್ತಿಕೊಳ್ಳುತ್ತದೆ. ಆದ್ದರಿಂದ ಥರ್ಮಲ್ ಫ್ಯೂಸ್ ಇರುವ ಪ್ರೊಟೆಕ್ಟರನ್ನೇ ಕೊಳ್ಳಿ, ಅದನ್ನು ಪರದೆ, ಕಾರ್ಪೆಟ್ ಕೆಳಗೆ ಇಡಬೇಡಿ. ಈ ಕಾಯಿಲೆಗೆ ಮದ್ದು ಓವರ್ ವೋಲ್ಟೇಜ್ ರಿಲೇ. ವೋಲ್ಟೇಜ್ ಮಿತಿ ದಾಟಿದರೆ ಅದು ಲೈನನ್ನೇ ಕಡಿಯುತ್ತದೆ, ಸರಿಹೋದ ಮೇಲೆ ಸ್ವಲ್ಪ ಹೊತ್ತು ಕಾದು ವಾಪಸ್ ಕೊಡುತ್ತದೆ. ನಿಮ್ಮಲ್ಲಿ ವೋಲ್ಟೇಜ್ ಆಗಾಗ ಏರಿಳಿಯುತ್ತಿದ್ದರೆ ಸರ್ಜ್ ಪ್ರೊಟೆಕ್ಟರ್‌ಗಿಂತ ಮೊದಲು ಇದನ್ನೇ ಹಾಕಿಸಿ ಎನ್ನುತ್ತೇನೆ.

ಹೀಟರ್, ಇಸ್ತ್ರಿಪೆಟ್ಟಿಗೆಗಳನ್ನು ಪ್ರೊಟೆಕ್ಟರ್ ಬೋರ್ಡಿಗೆ ಹಾಕಬೇಡಿ. ಒಂದು ಬೋರ್ಡಿಗೆ ಇನ್ನೊಂದು ಬೋರ್ಡ್ ಸಿಗಿಸಬೇಡಿ. ಮನೆಗೇ ಬಡಿದ ಸಿಡಿಲನ್ನು ಪಾಯಿಂಟಿನ ಪ್ರೊಟೆಕ್ಟರ್ ಯಾವುದೂ ತಡೆಯುವುದಿಲ್ಲ. ಮೋಡ ಕಟ್ಟುತ್ತಿರುವಾಗಲೇ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡಿ. ಗುಡುಗು ಕೇಳಿಸುವಷ್ಟು ಹತ್ತಿರ ಬಂದ ಮೇಲೆ ಮಾತ್ರ ಅವನ್ನು ಮುಟ್ಟಲು ಹೋಗಬೇಡಿ.

ಬಿಲ್ಲೆ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಹೊರಗೆ ಕಾಣುವುದಿಲ್ಲ. ಪ್ರೊಟೆಕ್ಟೆಡ್ ಎಂದು ಬರೆದಿರುವ ದೀಪ ಆರಿದ್ದರೆ ಪಾಯಿಂಟುಗಳಲ್ಲಿ ಕರೆಂಟ್ ಬರುತ್ತಿದ್ದರೂ ರಕ್ಷಣೆ ಮುಗಿದಿದೆ ಎಂದೇ ಅರ್ಥ. ಬೋರ್ಡು ಬೆಚ್ಚಗಾಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಹತ್ತಿರದಲ್ಲಿ ದೊಡ್ಡ ಸಿಡಿಲು ಬಡಿದಿದ್ದರೆ ಆಗಲೂ ಬದಲಿಸಿ. ನಾನು ಹೊಸ ಬೋರ್ಡ್ ತಂದ ದಿನವೇ ಅದರ ಬೆನ್ನಿಗೆ ಮಾರ್ಕರ್‌ನಲ್ಲಿ ತಿಂಗಳು, ವರ್ಷ ಬರೆಯುತ್ತೇನೆ. ಹತ್ತಿರ ಸಿಡಿಲು ಬಡಿದಾಗಲೆಲ್ಲ ಅದರ ಪಕ್ಕ ಒಂದು ಗೀಟು ಎಳೆಯುತ್ತೇನೆ.