ಸತ್ತ ಗಿಡದ ಕುಂಡವನ್ನೂ ತೋರಿಸಿ

ಬನಶಂಕರಿಯಲ್ಲಿ ನಮ್ಮದು 30x40 ಸೈಟು. ಮನೆಯ ಸುತ್ತ ಒಂದು ತುಳಸಿ ನೆಡುವಷ್ಟೂ ಮಣ್ಣಿಲ್ಲ. ತೋಟವೆಲ್ಲ ತಾರಸಿಯ ಮೇಲೆ: ಬಸಳೆ, ಚಕ್ರಮುನಿ, ದೊಡ್ಡಪತ್ರೆ, ಒಂದೆಲಗ, ಎರಡು ಬಗೆಯ ಬದನೆ, 11 ಗುಲಾಬಿ. ಇವುಗಳ ಬಗ್ಗೆ ಆರು ವರ್ಷಗಳಿಂದ ಅಂತರ್ಜಾಲದಲ್ಲಿ ಬರೆಯುತ್ತಿದ್ದೇನೆ. ಒಂದು ಬೇಸಿಗೆಯಲ್ಲಿ ಗುಲಾಬಿಯ ಹೊಸ ಚಿಗುರೆಲ್ಲ ಹಳದಿಗೆ ತಿರುಗಿತು, ನರಗಳು ಮಾತ್ರ ಹಸಿರಾಗಿ ಉಳಿದವು. ಫೋಟೊ ಹಾಕಿ ಕೇಳಿದೆ. ಬೇವಿನ ಹಿಂಡಿ ಹಾಕಿ ಎಂದರು ಒಬ್ಬರು, ಕಡಲೆಕಾಯಿ ಹಿಂಡಿ ನೆನೆಸಿ ಹಾಕಿ ಎಂದರು ಇನ್ನೊಬ್ಬರು, ಎರೆಹುಳು ಗೊಬ್ಬರವೇ ಸಾಕು ಎಂದರು ಮತ್ತೊಬ್ಬರು. ಎಲ್ಲವನ್ನೂ ಹಾಕಿದೆ. ಹಳದಿ ಹೋಗಲಿಲ್ಲ.

ನನ್ನಂತೆ ಗಿಡಗಳ ಬಗ್ಗೆ ಬರೆಯುವ ಹಲವರು ಇದೇ ಊರಿನಲ್ಲಿದ್ದರು. ಒಬ್ಬರ ಮನೆಯ ಹೀರೆಬಳ್ಳಿಯನ್ನು ಇನ್ನೊಬ್ಬರು ಗುರುತಿಸಬಲ್ಲರು, ಆದರೆ ಮುಖ ನೋಡಿದವರಿಲ್ಲ. ಒಂದು ಭಾನುವಾರ ಲಾಲ್‌ಬಾಗಿನಲ್ಲಿ ಸೇರೋಣವೇ ಎಂದು ಕೇಳಿದೆ. 22 ಜನ ಬಂದರು.

ಆ ದಿನ ಇಡೀ ಲಾಲ್‌ಬಾಗನ್ನು ನೋಡಲು ಹೊರಟಿದ್ದು ತಪ್ಪಾಯಿತು. 1760ರಲ್ಲಿ ಹೈದರ್ ಅಲಿ ಆರಂಭಿಸಿದ ತೋಟ ಇಂದು 240 ಎಕರೆ. 1889ರ ಗಾಜಿನ ಮನೆಯ ಹತ್ತಿರ ಬರುವಷ್ಟರಲ್ಲಿ ಗುಂಪು ನಾಲ್ಕು ಕಡೆ ಚದುರಿತ್ತು. ಎಲ್ಲರ ಕೈಯಲ್ಲೂ ಮೊಬೈಲ್, ಯಾರ ಬಾಯಲ್ಲೂ ಮಾತಿಲ್ಲ. ಮುಂದಿನ ಬಾರಿ ಬಂಡೆಯ ಸುತ್ತ ಮಾತ್ರ ನೋಡುವುದೆಂದು ನಿಶ್ಚಯಿಸಿದೆವು. ಸುಮಾರು 300 ಕೋಟಿ ವರ್ಷ ಹಳೆಯ ಆ ಬಂಡೆಯ ಗುಳಿಗಳಲ್ಲಿ ಎರಡು ಬೆರಳಿನಷ್ಟು ಮಣ್ಣು ಕೂತು, ಅದರಲ್ಲೇ ಹುಲ್ಲು ಬೇರೂರಿತ್ತು. ಅದರ ಪಕ್ಕದಲ್ಲಿ ಕುಳಿತು ಎರಡು ಗಂಟೆ ಮಾತನಾಡಿದೆವು. ತಾರಸಿಯೂ ಬಂಡೆಯೇ ಅಲ್ಲವೇ: ತೆಳ್ಳನೆಯ ಮಣ್ಣು, ಕೆಳಗಿನಿಂದ ಕಾವು, ನೀರು ನಿಂತರೂ ಕಷ್ಟ, ಹರಿದು ಹೋದರೂ ಕಷ್ಟ. ಮನೆಗಳ ತೋಟ ನೋಡುವ ಯೋಚನೆ ಹುಟ್ಟಿದ್ದು ಅಲ್ಲಿಯೇ.

ಈಗ ತಿಂಗಳಿಗೊಂದು ಭಾನುವಾರ ಹೋಗುತ್ತೇವೆ. ಒಂದು ಬೆಳಗ್ಗೆಗೆ ಮೂರೇ ತೋಟ. ಮೂರೂ ಮೆಟ್ರೋದ ಹಸಿರು ಮಾರ್ಗದ ಆಸುಪಾಸಿನಲ್ಲಿರಬೇಕು, ಏಕೆಂದರೆ ಹತ್ತು ಕಾರುಗಳು ಬಂದು ನಿಂತರೆ ಆ ಬೀದಿಯವರಿಗೆ ನಮ್ಮ ಮೇಲೆ ಪ್ರೀತಿ ಉಳಿಯುವುದಿಲ್ಲ. ಬಸವನಗುಡಿ, ಜಯನಗರ, ಬನಶಂಕರಿ ಒಂದು ದಿನ. ಮಲ್ಲೇಶ್ವರ ಇನ್ನೊಂದು ದಿನ. 12 ಜನ ಮೀರುವಂತಿಲ್ಲ. ಏಳು ಗಂಟೆಗೆ ಮೊದಲ ಮನೆ, ಹತ್ತೂವರೆಗೆ ಮುಗಿಯಬೇಕು; ಆಮೇಲೆ ತಾರಸಿಯ ನೆಲ ಕಾಲು ಸುಡುತ್ತದೆ.

ಮನೆಯವರು ತಿಂಡಿ ಮಾಡಬಾರದು ಎಂಬುದರಲ್ಲಿ ನಾನು ಬಹಳ ಕಟ್ಟುನಿಟ್ಟು. ಆರಂಭದಲ್ಲಿ ಒಬ್ಬರು ನಾಲ್ಕು ಗಂಟೆಗೇ ಎದ್ದು ಉಪ್ಪಿಟ್ಟು, ಕೇಸರಿಬಾತು ಮಾಡಿದ್ದರು. ನಾವು ಮೇಲೆ ಗಿಡ ನೋಡುತ್ತಿದ್ದರೆ ಅವರು ಕೆಳಗೆ ತಟ್ಟೆ ಜೋಡಿಸುತ್ತಿದ್ದರು. ಆ ತೋಟದ ಕಥೆ ಹೇಳಬೇಕಾದವರೇ ತೋಟದಲ್ಲಿರಲಿಲ್ಲ. ಈಗ ಕಾಫಿ ಮಾತ್ರ; ತಿಂಡಿಗೆ ಕೊನೆಯಲ್ಲಿ ಹತ್ತಿರದ ದರ್ಶಿನಿಗೆ ಹೋಗುತ್ತೇವೆ.

ಮೊದಲ ಅರ್ಧ ಗಂಟೆ ಫೋಟೊ ಇಲ್ಲ. ಕಡ್ಡಿ ಬೇಕಿದ್ದರೆ ಕೇಳಿ ಪಡೆಯಬೇಕು. ಕದ್ದು ತಂದ ಗಿಡವೇ ಚೆನ್ನಾಗಿ ಬರುತ್ತದೆ ಎಂಬ ಮಾತಿಗೆ ನಮ್ಮಲ್ಲಿ ಬೆಲೆಯಿಲ್ಲ. ಪಡೆದ ಕಡ್ಡಿಯನ್ನು ಒದ್ದೆ ಕಾಗದದಲ್ಲಿ ಸುತ್ತಿ ಒಯ್ದು, ಮನೆಯಲ್ಲಿ 15 ದಿನ ಬೇರೆ ಗಿಡಗಳಿಂದ ದೂರ ಇಡಬೇಕು. ಹಿಟ್ಟು ತಿಗಣೆ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವುದು ಹೀಗೆ ಪ್ರೀತಿಯಿಂದ ಕೊಟ್ಟ ಕಡ್ಡಿಯ ಜೊತೆಗೇ. ಬರೆಯುವಾಗ ವಿಳಾಸ, ಮನೆಯ ಮುಂಭಾಗದ ಚಿತ್ರ ಎರಡೂ ಬರಬಾರದು, ಬರೆದದ್ದನ್ನು ಮನೆಯವರು ಮೊದಲು ಓದಬೇಕು.

ಮೂರನೆಯ ಸುತ್ತಿನಲ್ಲಿ ಎಲ್ಲರೂ ನಮ್ಮ ಮನೆಗೆ ಬಂದರು. ಗುಂಪಿನ ಹಿರಿಯರೊಬ್ಬರು, ಮಲ್ಲೇಶ್ವರದ ನಿವೃತ್ತ ಶಿಕ್ಷಕಿ, ಗುಲಾಬಿಯ ಎಲೆಯನ್ನು ನೋಡಲೇ ಇಲ್ಲ. ಬಗ್ಗಿ ಮಣ್ಣಿನ ಕುಂಡದ ಅಂಚನ್ನು ಉಗುರಿನಿಂದ ಕೆರೆದರು. ಬಿಳಿ ಪುಡಿ ಉದುರಿತು. ಅದನ್ನು ಅಂಗೈ ಮೇಲೆ ಹಾಕಿಕೊಂಡು ನನ್ನ ಮುಂದೆ ಹಿಡಿದರು.

“ಯಾವ ನೀರು ಹಾಕುತ್ತೀಯಮ್ಮಾ?”

“ಕೊಳವೆಬಾವಿಯದು.”

“ಗೊಬ್ಬರ ನಿಲ್ಲಿಸು. ನೀರು ಬದಲಿಸು.”

ನಮ್ಮ ಕೊಳವೆಬಾವಿಯ ನೀರು ಗಡಸು. ದಿನವೂ ಅದನ್ನೇ ಹಾಕಿ ಕುಂಡದ ಮಣ್ಣು ಕ್ಷಾರವಾಗಿತ್ತು. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಹಳೆಯ ಎಲೆಯಲ್ಲಿರುವ ಕಬ್ಬಿಣವು ಚಿಗುರಿಗೆ ಸಾಗುವುದಿಲ್ಲ, ಹಾಗಾಗಿ ಮೊದಲು ಹಳದಿಯಾಗುವುದು ಚಿಗುರೇ. ನಾನು ಹಾಕಿದ ಹತ್ತಾರು ಫೋಟೊಗಳಲ್ಲಿ ಎಲೆಯಿತ್ತು, ಹೂವಿತ್ತು. ಕುಂಡದ ಅಂಚು ಒಂದರಲ್ಲೂ ಇರಲಿಲ್ಲ. ಅದು ಚೆಂದ ಕಾಣುವುದಿಲ್ಲವೆಂದು ನಾನೇ ಕತ್ತರಿಸುತ್ತಿದ್ದೆ.

ತಾರಸಿಯ ಮೆಟ್ಟಿಲ ಕೋಣೆಯ ಮಾಡು 12 ಚದರ ಮೀಟರ್ ಇದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 20 ಮಿಲಿಮೀಟರ್ ಸುರಿದರೆ 240 ಲೀಟರ್. ಕೊಳವೆ ಇಳಿಸಿ 200 ಲೀಟರಿನ ಡ್ರಮ್ ಇಟ್ಟೆ, ಸೊಳ್ಳೆ ಬರದಂತೆ ಬಾಯಿಗೆ ಬಲೆ ಕಟ್ಟಿದೆ. ಕುಂಡಗಳ ಮೇಲ್ಮಣ್ಣು ತೆಗೆದು ಹೊಸದು ತುಂಬಿ, ಆ ಮಳೆಗಾಲವೆಲ್ಲ ಗುಲಾಬಿಗೆ ಮಳೆನೀರನ್ನೇ ಕೊಟ್ಟೆ. ಗೌರಿ ಹಬ್ಬದ ಹೊತ್ತಿಗೆ ಬಂದ ಚಿಗುರು ಕೆಂಪಾಗಿ ಮೂಡಿ, ಬಲಿತಂತೆ ಹಸಿರಾಯಿತು. 11ರಲ್ಲಿ ಎರಡು ಉಳಿಯಲಿಲ್ಲ.

ಅದೇ ಚಳಿಗಾಲದಲ್ಲಿ ಆ ಶಿಕ್ಷಕಿಯ ಮನೆಗೆ ಹೋದೆವು. ಬೀದಿಯಲ್ಲಿ ತಬೂಬಿಯಾ ಗುಲಾಬಿ ಬಣ್ಣದ ಹೂ ಸುರಿಸುತ್ತಿತ್ತು. ತಾರಸಿಯಲ್ಲಿ ಕನಕಾಂಬರ, ನಂದಿಬಟ್ಟಲು, ಗೋಡೆಗೊರಗಿ ಬ್ರಹ್ಮಕಮಲ. ಫೋಟೊಗಳಲ್ಲಿ ಕಂಡದ್ದಕ್ಕಿಂತ ಸೊಗಸು. ಅವರು ಅಲ್ಲೆಲ್ಲೂ ನಿಲ್ಲದೆ ನೀರಿನ ತೊಟ್ಟಿಯ ಹಿಂದಕ್ಕೆ ಕರೆದೊಯ್ದರು. ಎಂಟು ಕುಂಡಗಳು, ಒಂದರಲ್ಲೂ ಜೀವವಿಲ್ಲ. ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದಿದ್ದರು: ಗಿಡದ ಹೆಸರು, ನೆಟ್ಟ ತಿಂಗಳು, ಒಣಗಿದ ತಿಂಗಳು, ತಮಗೆ ತೋಚಿದ ಕಾರಣ. ಸೇವಂತಿಗೆ: ನೀರು ಹೆಚ್ಚಾಯಿತು. ನಿಂಬೆ: ತೂತು ಕಟ್ಟಿಕೊಂಡಿತ್ತು, ನೋಡಲಿಲ್ಲ. ಕೊನೆಯ ಕುಂಡದಲ್ಲಿ ಕರಿಬೇವು ಎಂದಿತ್ತು, ಕಾರಣದ ಜಾಗ ಖಾಲಿ.

“ಇದಕ್ಕೆ ನಿಮ್ಮಲ್ಲಿ ಯಾರಾದರೂ ಹೇಳಬೇಕು,” ಎಂದರು. ಒಬ್ಬರು ಕುಂಡವನ್ನು ಮಗುಚಿದರು. ನಾವು ಹನ್ನೆರಡು ಜನ ಒಣ ಬೇರಿನ ಸುತ್ತ ಕುಕ್ಕರಗಾಲಿನಲ್ಲಿ ಕುಳಿತೆವು.