ದಿನದ ಕೊನೆಯಲ್ಲಿ ಬರೆಯುವ ಒಂದು ಸಾಲು

1998ರಲ್ಲಿ ಶಿಕ್ಷಕರ ತರಬೇತಿಯಾದ ಟಿ.ಸಿ.ಎಚ್. ಮುಗಿಸಿ ಮೈಸೂರು ಜಿಲ್ಲೆಯ ಹಳ್ಳಿಯೊಂದರ ಕಿರಿಯ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿದಾಗ, ಆ ಕೆಲಸದಲ್ಲಿ ಬಹಳ ದಿನ ಇರುವ ಯೋಚನೆ ನನಗಿರಲಿಲ್ಲ. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಮಾಡಿ, ಕೆ.ಎ.ಎಸ್. ಬರೆದು, ಅಧಿಕಾರಿಯಾದರೆ ಮಾತ್ರ ಬದುಕಿನಲ್ಲಿ ಗೆದ್ದಂತೆ ಎಂದು ನಂಬಿದ್ದೆ. ಎರಡು ಬಾರಿ ಪೂರ್ವಭಾವಿ ಪರೀಕ್ಷೆಯಲ್ಲಿಯೇ ಸೋತೆ. ಮದುವೆ, ಮುಂಜಿಗಳಲ್ಲಿ ಸಿಕ್ಕ ನೆಂಟರು "ಇನ್ನೂ ಅದೇ ಶಾಲೆಯಲ್ಲಿ ಇದ್ದೀಯಾ?" ಎಂದು ಕೇಳಿದಾಗಲೆಲ್ಲ, ವರ್ಷವಿಡೀ ಮಾಡಿದ ಕೆಲಸ ಲೆಕ್ಕಕ್ಕೇ ಬರುವುದಿಲ್ಲವೇನೋ ಎಂಬ ಸಂಕಟವಾಗುತ್ತಿತ್ತು.

ನಮ್ಮ ಶಾಲೆಗೆ ನಲಿ-ಕಲಿ ಬಂದ ಮೇಲೆ ಈ ಲೆಕ್ಕ ನಿಧಾನವಾಗಿ ಬದಲಾಯಿತು. 1995ರಲ್ಲಿ ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಯಾವುದಾದ ಮೇಲೆ ಯಾವುದನ್ನು ಕಲಿಯಬೇಕೆಂದು ತೋರಿಸುವ ಕಲಿಕಾ ಏಣಿಯ ಪಟವನ್ನು ನೋಡಿಕೊಂಡು, ತಮ್ಮ ತಮ್ಮ ವೇಗದಲ್ಲಿ ಒಂದೊಂದು ಚಟುವಟಿಕೆಯ ಕಾರ್ಡನ್ನು ಮುಗಿಸುತ್ತ ಮುಂದೆ ಹೋಗುತ್ತಾರೆ. ಅಕ್ಷರಗಳು ಅ, ಆ, ಇ, ಈ ಎಂಬ ಕ್ರಮದಲ್ಲಿ ಬಾರದೆ, ಬರೆಯಲು ಸುಲಭವಾದ ರ, ಗ, ಸ, ದ, ಅ ಎಂಬ ಐದರಿಂದ ಆರಂಭವಾಗುತ್ತವೆ. ಆ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ದಸರ, ಗರಗಸ ಎಂದು ಮಗು ಪದಗಳನ್ನು ಓದತೊಡಗುತ್ತದೆ.

ಎರಡನೆಯ ತರಗತಿಯ ಒಬ್ಬ ಹುಡುಗಿ ತಿಂಗಳುಗಟ್ಟಲೆ "ದಸರ" ಎಂಬುದನ್ನು "ದರಸ" ಎಂದೇ ಓದುತ್ತಿದ್ದಳು. ಒಂದು ಮಂಗಳವಾರ ಅವಳು ನನ್ನನ್ನು ಕರೆಯದೆ, ಪ್ರತಿ ಅಕ್ಷರದ ಕೆಳಗೆ ಬೆರಳಿಟ್ಟು, ತುಟಿಯೊಳಗೇ "ದ... ಸ... ರ..." ಎಂದು ಕೂಡಿಸಿ, ಆಮೇಲೆ ಗಟ್ಟಿಯಾಗಿ "ದಸರ" ಎಂದಳು. ಯಾರ ಮುಖವನ್ನೂ ನೋಡದೆ ಮುಂದಿನ ಕಾರ್ಡನ್ನು ಎತ್ತಿಕೊಂಡು "ಗರಗಸ" ಎಂದು ಓದಿ, "ಮಿಸ್, ಇದು ನಮ್ಮಪ್ಪನ ತಾವ ಅದೆ" ಎಂದಳು. ಅಂದು ಸಂಜೆ ಮನೆಗೆ ಹೋದ ಕೂಡಲೇ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವಳ ಹೆಸರು, ತಾರೀಖು, ಅವಳು ಮಾಡಿದ್ದೇನು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಟ್ಟೆ.

ಅಲ್ಲಿಂದ ಇಂದಿನವರೆಗೆ ಶಾಲೆಯಿರುವ ಪ್ರತಿದಿನವೂ ಒಂದು ಸಾಲು ಬರೆಯಲು ಕೂರುತ್ತೇನೆ. ನಿನ್ನೆಯವರೆಗೆ ಒಬ್ಬರ ಸಹಾಯವಿಲ್ಲದೆ ಆಗದಿದ್ದ ಯಾವ ಕೆಲಸವನ್ನು ಇಂದು ಯಾವ ಮಗು ತಾನಾಗಿಯೇ ಮಾಡಿತು ಎಂಬುದಷ್ಟೇ ಅದರಲ್ಲಿ ಇರಬೇಕು, ಅಂಕಗಳನ್ನು ಬರೆಯಕೂಡದು, ಏನೂ ಕಾಣದ ದಿನ ಸುಳ್ಳು ಬರೆಯದೆ ತಾರೀಖಿನ ಮುಂದೆ ಜಾಗವನ್ನು ಖಾಲಿ ಬಿಡಬೇಕು ಎಂದು ನನಗೆ ನಾನೇ ವಿಧಿಸಿಕೊಂಡಿದ್ದೇನೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಆ ವಾರದ ಸಾಲುಗಳನ್ನು ಒಟ್ಟಿಗೆ ಓದುತ್ತೇನೆ.

ಖಾಲಿ ಬಿಟ್ಟ ಜಾಗಗಳೇ ನನಗೆ ಹೆಚ್ಚು ಕಲಿಸಿದವು. ಮೊದಲ ಮೂರು ತಿಂಗಳ ಪುಟಗಳನ್ನು ತಿರುವಿದಾಗ, ಗಣತಿ, ಚುನಾವಣೆ, ದಾಖಲೆ ತುಂಬುವುದು ಮುಂತಾದ ಕೆಲಸಗಳು ಬಿದ್ದ ದಿನಗಳೆಲ್ಲ ಖಾಲಿಯಾಗಿದ್ದವು. ಅದಕ್ಕಿಂತ ನೋವಿನ ಸಂಗತಿಯೆಂದರೆ, ಇಪ್ಪತ್ಮೂರು ಮಕ್ಕಳಲ್ಲಿ ಆರು ಮಕ್ಕಳ ಹೆಸರು ಒಮ್ಮೆಯೂ ಬಂದಿರಲಿಲ್ಲ. ಅವರು ದಡ್ಡರಲ್ಲ, ತುಂಟರೂ ಅಲ್ಲ. ಕೊಟ್ಟ ಕಾರ್ಡನ್ನು ಮುಗಿಸಿ ಸದ್ದಿಲ್ಲದೆ ಕೂರುವ ಮಕ್ಕಳಾದ್ದರಿಂದ ನನ್ನ ಕಣ್ಣು ಅವರ ಮೇಲೆ ನಿಲ್ಲುತ್ತಲೇ ಇರಲಿಲ್ಲ. ನಾನು ಒಳ್ಳೆಯ ಶಿಕ್ಷಕಿ ಎಂದುಕೊಂಡಿದ್ದ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ, ಪುಸ್ತಕದಲ್ಲಿ ಬಹಳ ದಿನ ಕಾಣದ ಇಬ್ಬರ ಹೆಸರನ್ನು ಬೆಳಗಿನ ಪ್ರಾರ್ಥನೆಗೆ ಮೊದಲೇ ಚೀಟಿಯಲ್ಲಿ ಬರೆದುಕೊಂಡು, ಆ ದಿನ ಅವರ ಪಕ್ಕದಲ್ಲಿಯೇ ಹತ್ತು ನಿಮಿಷ ಕೂರುವ ಅಭ್ಯಾಸ ಮಾಡಿಕೊಂಡೆ.

ಸಂಬಳ, ಬಡ್ತಿ, ಸ್ವಂತ ಮನೆ ನನಗೆ ಬೇಡವಾಗಿದ್ದವು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಮನೆ ಸಾಲದ ಕೊನೆಯ ಕಂತನ್ನು ಕಟ್ಟಿದ ದಿನ ನಾನೂ ನನ್ನ ಯಜಮಾನರೂ ದೇವರ ಮುಂದೆ ದೀಪ ಹಚ್ಚಿ, ಪಾಯಸ ಮಾಡಿ ಉಂಡೆವು. ಆದರೆ ಅಂಥ ದಿನಗಳು ಬದುಕಿನಲ್ಲಿ ನಾಲ್ಕೋ ಐದೋ ಬರುತ್ತವೆ. ಉಳಿದ ಸಾವಿರಾರು ದಿನಗಳನ್ನು ಅವುಗಳಿಗಾಗಿ ಕಾಯುತ್ತಲೇ ಕಳೆಯುವುದು ನನಗೆ ಸರಿಯೆನಿಸುವುದಿಲ್ಲ. ಇನ್ನೊಬ್ಬರ ತೀರ್ಮಾನಕ್ಕೆ ಬಿಟ್ಟ ಗೆಲುವನ್ನು ನಾನು ಈಗ ಬಯಸುತ್ತೇನೆಯೇ ಹೊರತು ಅದರಿಂದ ನನ್ನ ದಿನವನ್ನು ಅಳೆಯುವುದಿಲ್ಲ.

ಈಗ ಬರೆಯುತ್ತಿರುವುದು ಹನ್ನೊಂದನೆಯ ನೋಟ್‌ಬುಕ್ಕು. ನಿನ್ನೆ ಒಬ್ಬ ಹುಡುಗ ದಶಕ ಎರವಲು ಪಡೆದು ಕಳೆಯುವ ಲೆಕ್ಕವನ್ನು, ಎಣಿಸಲು ಹುಣಸೆಬೀಜವಿಲ್ಲದೆ, ಮಾಡಿದ್ದನ್ನು ಬರೆದಿದ್ದೇನೆ. ಇಂದಿನ ಜಾಗ ಖಾಲಿಯಿದೆ. ಕಿಟಕಿಯ ಪಕ್ಕ ಕೂರುವ ಅಕ್ಕ-ತಂಗಿಯರಿಬ್ಬರ ಹೆಸರು ಎರಡು ವಾರದಿಂದ ಬಂದಿಲ್ಲ. ನಾಳಿನ ಚೀಟಿಯಲ್ಲಿ ಅವರ ಹೆಸರನ್ನು ಬರೆದು ಚೀಲದಲ್ಲಿಟ್ಟಿದ್ದೇನೆ.